ಮೂವತ್ತೆರಡು ಸಾವಿರ ಒಡೆದು ನೋಡಿದ್ದು

ಕಂಡ ಸಂಖ್ಯೆಯನ್ನೆಲ್ಲ ಒಡೆದು ನೋಡುವುದು ನನ್ನ ಹಳೆಯ ಚಟ. ಬಸ್ಸಿನ ಟಿಕೆಟ್ಟು, ಮುಂದೆ ಹೋಗುತ್ತಿರುವ ಲಾರಿಯ ನಂಬರು, ಕರೆಂಟ್ ಬಿಲ್ಲಿನ ಮೊತ್ತ, ಮದುವೆಮನೆಯಲ್ಲಿ ಮುಯ್ಯಿ ಬರೆದ ಪುಸ್ತಕದ ಕೊನೆಯ ಕೂಡಿಕೆ, ಯಾವುದಾದರೂ ಆದೀತು. ಎರಡರಿಂದ ಹೋಗುತ್ತದೆಯೇ, ಮೂರರಿಂದ ಹೋಗುತ್ತದೆಯೇ, ಒಳಗೆಲ್ಲಾದರೂ ಏಳು ಅಡಗಿ ಕೂತಿದೆಯೇ ಎಂದು ತಡಕುತ್ತ ಕೂತರೆ ದಾವಣಗೆರೆಯಿಂದ ಉಚ್ಚಂಗಿದುರ್ಗದವರೆಗೆ ಬಸ್ಸು ಕುಲುಕಿದ್ದೇ ಗೊತ್ತಾಗುವುದಿಲ್ಲ. ಪಕ್ಕದ ಸೀಟಿನವರು ನನ್ನ ತುಟಿ ಅಲ್ಲಾಡುವುದನ್ನು ಕಂಡು, ಉಚ್ಚಂಗೆಮ್ಮನ ಜಪ ಮಾಡುತ್ತಿದ್ದಾನೆ ಎಂದುಕೊಂಡು, ಸ್ವಲ್ಪ ಸರಿದು ಜಾಗ ಬಿಟ್ಟದ್ದೂ ಉಂಟು. ಗಣಿತಕ್ಕೆ ಇಷ್ಟು ಮರ್ಯಾದೆ ಬೇರೆಲ್ಲೂ ಸಿಕ್ಕಿದ್ದನ್ನು ನಾನು ಕಂಡಿಲ್ಲ.

ಈ ದಾರಿಯಲ್ಲಿ ಎರಡು ಜಾತಿಯ ನಂಬರುಗಳು ಓಡಾಡುತ್ತವೆ. ದಾವಣಗೆರೆಯ ಗಾಡಿಗೆ ಕೆಎ 17. ಹದಿನೇಳು ಅವಿಭಾಜ್ಯ, ಒಂದನ್ನೂ ತನ್ನನ್ನೂ ಬಿಟ್ಟರೆ ಬೇರೆ ಯಾರಿಗೂ ಬಗ್ಗುವುದಿಲ್ಲ. ಹೊಸಪೇಟೆಯದು ಕೆಎ 35. ಐದೂ ಏಳೂ ಕೂಡಿ ಸಂಸಾರ ಮಾಡಿದ್ದು. ಉಚ್ಚಂಗಿದುರ್ಗ ಇರುವ ಹರಪನಹಳ್ಳಿ ತಾಲೂಕು ಮೊದಲು ಬಳ್ಳಾರಿಯಲ್ಲಿತ್ತು, 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು, ಮತ್ತೆ ಬಳ್ಳಾರಿಗೆ ಹೋಯಿತು, 2021ರಿಂದ ವಿಜಯನಗರ ಜಿಲ್ಲೆ. ಕಡತಗಳು ಇಷ್ಟು ತಿರುಗಾಡಿದರೂ ಉಚ್ಚಂಗಿಯ ಗುಡ್ಡ ಮಾತ್ರ ಇದ್ದಲ್ಲೇ ಇದೆ. ಆ ಗುಡ್ಡಕ್ಕೂ ಒಂದು ನಂಬರು ಇದೆ, ಯಾವ ಆರ್‌ಟಿಓ ಕಚೇರಿಯೂ ಕೊಡಲಾಗದಷ್ಟು ದೊಡ್ಡದು: 32000.

ನಾಡಿನ ಹೆಸರಿನ ಬೆನ್ನಿಗೆ ಸಂಖ್ಯೆ ಹಚ್ಚುವುದು ನಮ್ಮ ಶಾಸನಗಳ ರೂಢಿ. ಗಂಗವಾಡಿ 96000, ಬನವಾಸಿ 12000, ಕುಂಡಿ 3000, ಬೆಳ್ವೊಲ 300, ಕಿಸುಕಾಡು 70, ಮುಳುಗುಂದ 12. ಹಾಗೆಯೇ ನೊಳಂಬವಾಡಿ 32000. ನೊಳಂಬರು ಆಳಿದ್ದು ಮಡಕಶಿರದ ಹತ್ತಿರದ ಹೇಮಾವತಿಯಿಂದ. ಉಚ್ಚಂಗಿ ಅವರ ಗಟ್ಟಿ ಕೋಟೆ. ಅವರು ಹೋದ ಮೇಲೆ ಕಲ್ಯಾಣದ ಚಾಳುಕ್ಯರ ಸಾಮಂತರಾಗಿ ಬಂದ ಪಾಂಡ್ಯರು ಉಚ್ಚಂಗಿಯನ್ನೇ ರಾಜಧಾನಿ ಮಾಡಿಕೊಂಡು ನೊಳಂಬವಾಡಿ 32000ವನ್ನು ಆಳಿದರು. ಮಧುರೆಯ ಪಾಂಡ್ಯರಲ್ಲ, ಇವರಿಗೆ ಉಚ್ಚಂಗಿ ಪಾಂಡ್ಯರೆಂದೇ ಹೆಸರು.

ಈ ಸಂಖ್ಯೆಗಾಗಿ ಆದ ಹೊಡೆದಾಟ ಸಣ್ಣದಲ್ಲ. ಹತ್ತನೆಯ ಶತಮಾನದಲ್ಲಿ ಗಂಗರ ಮಾರಸಿಂಹ ನೊಳಂಬರನ್ನು ಬಡಿದು 'ನೊಳಂಬಕುಲಾಂತಕ' ಎನಿಸಿಕೊಂಡ. ಅವನ ದಂಡನಾಯಕ ಚಾವುಂಡರಾಯ ಇದೇ ಉಚ್ಚಂಗಿಯ ಕೋಟೆಯಲ್ಲಿ ರಾಜಾದಿತ್ಯನೆಂಬವನ ಎದುರು ಕಾದಿ 'ರಣರಂಗಸಿಂಗ' ಆದ. ಹೊಯ್ಸಳ ವಿಷ್ಣುವರ್ಧನ 'ನೊಳಂಬವಾಡಿಗೊಂಡ'. ಅವನ ಮೊಮ್ಮಗ ವೀರಬಲ್ಲಾಳ 1177ರ ಸುಮಾರಿಗೆ ಗುಡ್ಡ ಹತ್ತಿ 'ಗಿರಿದುರ್ಗಮಲ್ಲ'ನಾದ. ಗೆದ್ದದ್ದು ಶನಿವಾರವಾದ್ದರಿಂದ 'ಶನಿವಾರಸಿದ್ಧಿ' ಎಂಬ ಇನ್ನೊಂದು ಬಿರುದನ್ನೂ ಜೊತೆಗಿಟ್ಟುಕೊಂಡ. ಅಷ್ಟು ಕಷ್ಟಪಟ್ಟು ಹಿಡಿದ ರಾಜ್ಯವನ್ನು, ಶರಣು ಬಂದ ಪಾಂಡ್ಯನಿಗೇ ತಿರುಗಿ ಕೊಟ್ಟ. (ಚಾವುಂಡರಾಯನ ಎದುರಾಳಿಯ ಹೆಸರೇ ಕನ್ನಡದಲ್ಲಿ ಮೊದಲು ಗಣಿತ ಬರೆದವನಿಗೂ ಇದೆ. ಹನ್ನೆರಡನೆಯ ಶತಮಾನದ ಆ ರಾಜಾದಿತ್ಯ 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಬರೆದ. ಒಬ್ಬ ಉಚ್ಚಂಗಿಯಲ್ಲಿ ಕತ್ತಿ ಹಿಡಿದ, ಇನ್ನೊಬ್ಬ ಲೆಕ್ಕ ಬರೆಯುವ ಕಂಠ ಹಿಡಿದ. ಇಬ್ಬರಿಗೂ ಸಂಬಂಧವಿಲ್ಲ, ಆದರೆ ಈ ಗುಡ್ಡ ಹತ್ತುವಾಗ ನನಗೆ ಇಬ್ಬರೂ ಒಟ್ಟಿಗೇ ನೆನಪಾಗುತ್ತಾರೆ.)

ಇಷ್ಟು ಬಿರುದು ಹುಟ್ಟಿಸಿದ ಈ ಮೂವತ್ತೆರಡು ಸಾವಿರ ಏನು? ಹಳ್ಳಿಗಳ ಲೆಕ್ಕ ಎಂದ ವಿದ್ವಾಂಸರಿದ್ದಾರೆ, ನಾಡಿನ ಹುಟ್ಟುವಳಿಯ ಲೆಕ್ಕ ಎಂದವರಿದ್ದಾರೆ. ಹಳ್ಳಿಗಳೆಂದರೆ ನನಗೆ ನಂಬಿಕೆ ಬರುವುದಿಲ್ಲ. 2011ರ ಜನಗಣತಿಯಲ್ಲಿ ಬೀದರಿನಿಂದ ಚಾಮರಾಜನಗರದವರೆಗೆ ಇಡೀ ಕರ್ನಾಟಕದ ಹಳ್ಳಿಗಳು, ಜನವಿಲ್ಲದ ಬೇಚಿರಾಕು ಗ್ರಾಮಗಳೂ ಸೇರಿ, 29,340. ನೊಳಂಬವಾಡಿ ಒಂದರಲ್ಲೇ ಅದಕ್ಕಿಂತ ಹೆಚ್ಚು ಹಳ್ಳಿ ಇದ್ದವು ಎಂದರೆ ಒಂದೊಂದು ಮರದಡಿ ಒಂದೊಂದು ಗ್ರಾಮದೇವತೆ ಕೂತಿರಬೇಕು. ಗಂಗವಾಡಿ, ನೊಳಂಬವಾಡಿ, ಬನವಾಸಿ ಮೂರನ್ನೇ ಕೂಡಿದರೂ 1,40,000 ಆಗುತ್ತದೆ. ಇಂದಿನ ಕರ್ನಾಟಕದಂಥವು ನಾಲ್ಕೂ ಮುಕ್ಕಾಲು ಬೇಕು.

ಆದರೆ ನನ್ನ ಸಂಶಯ ಹುಟ್ಟಿದ್ದು ಜನಗಣತಿಯಿಂದ ಅಲ್ಲ, ಒಡೆಯುವ ಚಟದಿಂದ. ಯಾವನಾದರೂ ಊರೂರು ತಿರುಗಿ ಎಣಿಸಿ ಬರೆದ ಸಂಖ್ಯೆಯನ್ನು ಒಡೆದರೆ ಒಳಗೆ ಎಂಥದಾದರೂ ಒಂದು ಒರಟು ಅವಿಭಾಜ್ಯ ಸಿಕ್ಕೇ ಸಿಗುತ್ತದೆ. 29,340ನ್ನೇ ನೋಡಿ. ಸೊನ್ನೆಯಲ್ಲಿ ಮುಗಿಯುತ್ತದೆ, ಮೆದುವಾಗಿ ಕಾಣುತ್ತದೆ. ಎರಡು ಎರಡು ಸಲ ಹೋಗುತ್ತದೆ, ಮೂರು ಎರಡು ಸಲ, ಐದು ಒಂದು ಸಲ. ಆಮೇಲೆ ಅನ್ನದಲ್ಲಿ ಸಿಕ್ಕ ಕಲ್ಲಿನ ಹಾಗೆ 163. ಅದನ್ನು ಯಾರೂ ಬೇಕೆಂದು ಹಾಕಿದ್ದಲ್ಲ. ಎಣಿಸಿದರೆ ಅದು ತಾನಾಗಿ ಬರುತ್ತದೆ. ಈಗ ನಾಡುಗಳ ಸಂಖ್ಯೆ ಒಡೆಯಿರಿ. 12, 300, 500, 1000, 3000, 12000, 32000, 96000, ರಾಷ್ಟ್ರಕೂಟರ ನಾಡಿಗೆ ಹೇಳುತ್ತಿದ್ದ ರಟ್ಟಪಾಡಿ ಏಳೂವರೆ ಲಕ್ಷ. ಎಲ್ಲವೂ ಎರಡು, ಮೂರು, ಐದರಲ್ಲೇ ಮುಗಿದುಹೋಗುತ್ತವೆ. ಹನ್ನೊಂದಿಲ್ಲ, ಹದಿಮೂರಿಲ್ಲ, ನೂರರವತ್ತಮೂರಂತೂ ದೂರದ ಮಾತು. ಇಷ್ಟು ನಾಡುಗಳಲ್ಲಿ ಒಂದಕ್ಕೂ ಒರಟು ಸಂಖ್ಯೆ ಬೀಳಲಿಲ್ಲವೆಂದರೆ ಎಣಿಸಿದವನೇ ಇರಲಿಲ್ಲ ಎಂದರ್ಥ. ಕಿಸುಕಾಡು 70, ಮಾಸವಾಡಿ 140ರಂಥ ಕೆಲವದರಲ್ಲಿ ಏಳು ಇಣುಕುತ್ತದೆ. ಸಣ್ಣ ನಾಡುಗಳಲ್ಲಿ ಯಾರೋ ಒಬ್ಬ ಸೇನಬೋವ ನಿಜಕ್ಕೂ ಬೆರಳು ಮಡಚಿರಬಹುದು. ದೊಡ್ಡ ನಾಡುಗಳ ಸಂಖ್ಯೆ ಎಣಿಸಿದ್ದಲ್ಲ, ಹೇಳಿದ್ದು. ಇದು ಶಾಸನತಜ್ಞರ ತೀರ್ಮಾನವಲ್ಲ, ಲೆಕ್ಕ ಬರೆದು ಬದುಕಿದವನ ಗುಮಾನಿ. ಮೂರು ಸೊನ್ನೆಯಲ್ಲಿ ಮುಗಿದ ಖರ್ಚಿನ ಪಟ್ಟಿ ಮುಂದೆ ಬಂದರೆ ನಾನು ಮೊದಲು ರಸೀದಿ ಕೇಳುತ್ತಿದ್ದೆ.

ಹಾಗೆಂದು 32000ವನ್ನು ಬರೀ ಬಡಾಯಿ ಎಂದು ತಳ್ಳಿಹಾಕಲೂ ಮನಸ್ಸಾಗುವುದಿಲ್ಲ. ಸಂಖ್ಯೆ ಹೇಳಿದವನ ಉದ್ದೇಶ ಏನೇ ಇರಲಿ, ಒಮ್ಮೆ ಹೇಳಿದ ಮೇಲೆ ಅದರ ಸ್ವಭಾವ ಅದಕ್ಕೆ. ಇದನ್ನು ಅರ್ಧ ಮಾಡುತ್ತ ಹೋಗಿ: 16000, 8000, 4000, 2000, 1000, 500, 250, 125. ಎಂಟು ಸಲ ಸರಿಯಾಗಿ ಅರ್ಧವಾಗಿ, ಒಂಬತ್ತನೆಯ ಸಲಕ್ಕೆ ಹಟ ಹಿಡಿಯುತ್ತದೆ. ಈ ಮೆಟ್ಟಿಲಲ್ಲಿ ಇಳಿಯುವಾಗ ನಡುವೆ ಪರಿಚಯದವರು ಸಿಗುತ್ತಾರೆ. ಐದನೆಯ ಸಲಕ್ಕೆ 1000. ಅದು ಇದೇ ಸೀಮೆಯ ಕದಂಬಳಿಗೆ 1000. ಆರನೆಯ ಸಲಕ್ಕೆ 500. ಅದು ಕೋಗಳಿ 500. ಇಂದಿಗೂ ಬಸದಿ ಇಟ್ಟುಕೊಂಡು ಕೂತಿರುವ ಕೋಗಳಿಯೇ ಆ ನಾಡಿನ ತಲೆಯೂರು. ಬಳ್ಳಕುಂದೆ 300 ಮಾತ್ರ ಈ ಮೆಟ್ಟಿಲ ಮೇಲೆ ಇಲ್ಲ, ಅದರೊಳಗೆ ಮೂರು ಇದೆ. ಇನ್ನು ಗಂಗವಾಡಿಯ 96000ವನ್ನು ಮೂರು ಸಲ ಅರ್ಧ ಮಾಡಿದರೆ 12000, ಬನವಾಸಿ. ಮತ್ತೆ ಎರಡು ಸಲ ಮಾಡಿದರೆ 3000, ಸವದತ್ತಿ ರಟ್ಟರ ಕುಂಡಿ. ಯಾರೋ ಕೂತು ಹೀಗೆ ಹಂಚಿದರು ಎಂದು ನಾನು ಹೇಳುವುದಿಲ್ಲ. ಎರಡರಿಂದ ಒಡೆಯುವ ಕೈಗಳಿದ್ದ ನಾಡಿನಲ್ಲಿ ಸಂಖ್ಯೆಗಳು ಹೀಗೇ ಹುಟ್ಟುತ್ತವೆ ಎಂದಷ್ಟೇ ಹೇಳಬಲ್ಲೆ.

ಆ ಕೈ ಇನ್ನೂ ಇದೆ. ಗುಡ್ಡದ ಬುಡದಲ್ಲಿ ಮಂಡಕ್ಕಿ ಮಾರುವ ಅಜ್ಜಿಯ ಮುಂದೆ ತಗಡಿನ ಅಳತೆಗಳು ಒಂದರೊಳಗೊಂದು ಕೂತಿದ್ದವು. ಸೇರು, ಅಚ್ಚೇರು, ಪಾವು, ಅರ್ಪಾವು, ಚಟಾಕು. ಒಂದರ ಅರ್ಧ ಇನ್ನೊಂದು. ಕೊನೆಯದರ ಅಂಚು ಸವೆದು ಬಾಯಿ ಸ್ವಲ್ಪ ಓರೆಯಾಗಿತ್ತು. ಅಜ್ಜಿ ಅಳೆಯುವಾಗ ಅಂಗೈ ಅಂಚಿನಿಂದ ಮೇಲಿನ ರಾಶಿಯನ್ನು ಒಂದೇ ಏಟಿಗೆ ಸವರುತ್ತಿದ್ದಳು, ಬೇಕಾದವರಿಗೆ ಸವರುತ್ತಿರಲಿಲ್ಲ. ಸುಮ್ಮನಿರಲಾರದೆ ಕೇಳಿದೆ:

"ಅಜ್ಜೀ, ಸೇರಿನಾಗ ಹತ್ತನೇ ಒಂದು ಪಾಲು ಕೊಡು ಅಂದ್ರ?"

"ಹತ್ತನೇ ಪಾಲು? ಅದಕ್ಕ ಅಳತಿ ಎಲ್ಲೈತಿ ತಮ್ಮಾ? ಅರ್ಧಾ ಕೇಳು, ಪಾವು ಕೇಳು. ಹತ್ತನೇದು ಬೇಕಂದ್ರ ಮುಕ್ಕಿ ನೋಡಿ ಹೇಳಬೇಕು."

ಪಕ್ಕದಲ್ಲಿ ಕಾಯಿ, ಕರ್ಪೂರ ಮಾರುತ್ತಿದ್ದವನು ನಕ್ಕ. ಅಜ್ಜಿ ಪಾವಿನ ತುಂಬ ಅಳೆದು, ಸವರದೆ, ಕಾಗದದ ಪೊಟ್ಟಣಕ್ಕೆ ಸುರಿದು, ಮೇಲೆ ಒಂದು ಮೆಣಸಿನಕಾಯಿ ಇಟ್ಟು ಕೊಟ್ಟಳು.

ಅರೆ, ಕಾಲು, ಅರೆಕಾಲು, ವೀಸ, ಅರೆವೀಸ. ಹಳೆಯ ಲೆಕ್ಕದವರ ಬಾಯಲ್ಲಿ ಅರೆವೀಸವೆಂದರೆ ಮೂವತ್ತೆರಡರಲ್ಲಿ ಒಂದು. ರೂಪಾಯಿಗೆ ಹದಿನಾರಾಣೆ, ಆಣೆಗೆ ಹನ್ನೆರಡು ಪೈ, ಒಟ್ಟು 192 ಪೈ ಇದ್ದ ಕಾಲ 1957ರವರೆಗೂ ನಡೆಯಿತು. ಆ ಲೆಕ್ಕದಲ್ಲಿ ಗಂಗವಾಡಿಯ 96000ವನ್ನು ಪೈ ಎಂದು ಹಿಡಿದರೆ ಸರಿಯಾಗಿ ಐನೂರು ರೂಪಾಯಿ, ಒಂದು ಪೈ ಹೆಚ್ಚಿಲ್ಲ ಕಡಿಮೆಯಿಲ್ಲ. ತಲಕಾಡಿನ ಗಂಗರು ಇದನ್ನು ಕೇಳಿದ್ದರೆ ಬೇಜಾರು ಮಾಡಿಕೊಳ್ಳುತ್ತಿದ್ದರು. ನನಗೆ ತೋರುವುದು ಇಷ್ಟು: 32000ದಲ್ಲಿ ಮುಂದಿನ ಮೂವತ್ತೆರಡು ಅಳೆಯುವವರದು, ಹಿಂದಿನ ಸಾವಿರ ಹೊಗಳುವವರದು.

ಇನ್ನು ನೊಳಂಬರ ಪರವಾಗಿ ಒಂದು ಮಾತು. ಗಂಗವಾಡಿ 96000 ಸರಿಯಾಗಿ ನೊಳಂಬವಾಡಿಯ ಮೂರರಷ್ಟು. ಮಾರಸಿಂಹ ನೊಳಂಬಕುಲಾಂತಕನಾದದ್ದರಲ್ಲಿ ಆಶ್ಚರ್ಯವಿಲ್ಲ ಅನ್ನಿಸಬಹುದು. ಆದರೆ ಆ ಮೂರರಲ್ಲೇ ಗಂಗರ ಸೋಲು ಇದೆ. ಉಚ್ಚಂಗಿಯ ಮೇಲಿನ ಬಯಲಲ್ಲಿ ನಿಂತು, ಮೂವತ್ತೆರಡು ಸಾವಿರ ಮಂದಿ ಬಂದಿದ್ದಾರೆ ಎಂದುಕೊಳ್ಳಿ. ಅವರನ್ನು ಎರಡು ಚೌಕಗಳಾಗಿ ಕೂರಿಸಬೇಕು. ಒಂದೊಂದು ಚೌಕದಲ್ಲೂ ಸಾಲು ಎಷ್ಟೋ ಸಾಲಿನಲ್ಲಿ ಮಂದಿಯೂ ಅಷ್ಟೇ, ಒಬ್ಬರೂ ಹೊರಗುಳಿಯಬಾರದು. ಆಗುತ್ತದೆ. 160ರ ಸಾಲುಗಳು 160, ಅಂದರೆ 25,600 ಮಂದಿ. ಉಳಿದ 6,400 ಮಂದಿ 80ರ ಸಾಲುಗಳು 80. ಇನ್ನೊಂದು ದಾರಿಯೂ ಇದೆ: 176ರ ಚೌಕಕ್ಕೆ 30,976, 32ರ ಚೌಕಕ್ಕೆ 1,024. ಈ ಎರಡೇ ದಾರಿ, ಮೂರನೆಯದಿಲ್ಲ. ಇದರೊಳಗೆ ಕೋಗಳಿಯೂ ಕಾಣುತ್ತದೆ. ಐನೂರನ್ನು ಹೀಗೆ ಕೂರಿಸಲು 20 ಮತ್ತು 10, ಇಲ್ಲವೇ 22 ಮತ್ತು 4. ಅವನ್ನೇ ಎಂಟರಿಂದ ಗುಣಿಸಿದರೆ 160 ಮತ್ತು 80, 176 ಮತ್ತು 32. ಸಣ್ಣ ನಾಡಿನ ಪಂಕ್ತಿಯೇ ದೊಡ್ಡ ನಾಡಿಗೂ ಸಾಕಾಯಿತು.

ಈಗ ಗಂಗವಾಡಿಯವರನ್ನು ಕೂರಿಸಿ ನೋಡಿ. ಎಷ್ಟು ಬಡಿದಾಡಿದರೂ 96000 ಮಂದಿ ಎರಡು ಚೌಕದಲ್ಲಿ ಕೂರುವುದಿಲ್ಲ. ಕಾರಣ ಹೇಳಲು ದೊಡ್ಡ ಗಣಿತ ಬೇಡ. ಯಾವ ಸಂಖ್ಯೆಯ ವರ್ಗವನ್ನಾದರೂ ಮೂರರಿಂದ ಭಾಗಿಸಿ: ಶೇಷ ಸೊನ್ನೆ ಇಲ್ಲವೇ ಒಂದು, ಎರಡು ಎಂದೂ ಬರದು. 96000 ಮೂರರಿಂದ ಪೂರ್ತಿ ಹೋಗುತ್ತದೆ. ಹಾಗಾದರೆ ಅದನ್ನು ಕಟ್ಟುವ ಎರಡೂ ವರ್ಗಗಳ ಶೇಷ ಸೊನ್ನೆಯೇ ಆಗಿರಬೇಕು; ಒಂದಕ್ಕೆ ಒಂದು ಕೂಡಿದರೆ ಎರಡಾಗಿಬಿಡುತ್ತದೆ, ಒಂದಕ್ಕೆ ಸೊನ್ನೆ ಕೂಡಿದರೆ ಒಂದು ಉಳಿಯುತ್ತದೆ. ಶೇಷ ಸೊನ್ನೆ ಎಂದರೆ ಎರಡೂ ಚೌಕಗಳ ಬದಿ ಮೂರರಿಂದ ಹೋಗುತ್ತದೆ, ಚೌಕಗಳು ಒಂಬತ್ತರಿಂದ ಹೋಗುತ್ತವೆ, ಅವುಗಳ ಮೊತ್ತವೂ ಒಂಬತ್ತರಿಂದ ಹೋಗಬೇಕು. 96000ದ ಅಂಕಿ ಕೂಡಿ: ಒಂಬತ್ತು, ಆರು, ಹದಿನೈದು. ಒಂಬತ್ತರಿಂದ ಹೋಗದು. ಮುಗಿಯಿತು. ಬನವಾಸಿಗೂ ಕುಂಡಿಗೂ ಇದೇ ಗತಿ. ಯಾವ ಸಂಖ್ಯೆ ಹೀಗೆ ಎರಡು ವರ್ಗಗಳಾಗಿ ಒಡೆಯುತ್ತದೆ, ಯಾವುದು ಒಡೆಯುವುದಿಲ್ಲ ಎಂಬುದರ ಗುಟ್ಟನ್ನು ಫ್ರಾನ್ಸಿನ ಫರ್ಮಾ 1640ರಲ್ಲಿ ಕಾಗದ ಬರೆದು ಸ್ನೇಹಿತನಿಗೆ ತಿಳಿಸಿದ, ಸಾಧನೆ ಬರೆಯಲಿಲ್ಲ. ಅದು ನೂರು ವರ್ಷದ ಮೇಲೆ ಆಯ್ಲರನ ಪಾಲಿಗೆ ಬಂತು. ನಾಲ್ಕರಿಂದ ಭಾಗಿಸಿದಾಗ ಮೂರು ಉಳಿಸುವ ಅವಿಭಾಜ್ಯಗಳು, ಅಂದರೆ 3, 7, 11ರಂಥವು, ಒಳಗೆ ಬೆಸ ಸಲ ಬಂದಿದ್ದರೆ ಕೆಲಸ ಕೆಟ್ಟಿತು. ನೊಳಂಬವಾಡಿಯಲ್ಲಿರುವುದು ಎಂಟು ಎರಡುಗಳು, ಮೂರು ಐದುಗಳು, ಅಷ್ಟೇ. ಐದು ಸಜ್ಜನ, ನಾಲ್ಕರಿಂದ ಭಾಗಿಸಿದರೆ ಒಂದನ್ನೇ ಉಳಿಸುತ್ತದೆ. ಮಾರಸಿಂಹನಿಗೆ ಈ ಸುದ್ದಿ ಮುಟ್ಟಿಸುವ ಉಪಾಯ ಮಾತ್ರ ಇಲ್ಲ.

32000ವನ್ನು ಪೂರ್ತಿ ಭಾಗಿಸುವ ಸಂಖ್ಯೆಗಳು 36. ಅವುಗಳಲ್ಲಿ 32000ವನ್ನು ಬಿಟ್ಟು ಉಳಿದವನ್ನೆಲ್ಲ ಕೂಡಿದರೆ 47,716, ಮೂಲ ಸಂಖ್ಯೆಗಿಂತ ಹೆಚ್ಚು. ಇಂಥದನ್ನು ಗಣಿತದವರು ಸಮೃದ್ಧ ಸಂಖ್ಯೆ ಎನ್ನುತ್ತಾರೆ. ಮಳೆಗಾಗಿ ಮುಗಿಲು ನೋಡುವ ಹರಪನಹಳ್ಳಿ ಸೀಮೆಗೆ ಎಲ್ಲಾದರೂ ಒಂದು ಕಡೆ ಸಮೃದ್ಧಿ ಇರಲಿ.

ನೆರೆಹೊರೆಯನ್ನೂ ನೋಡಬೇಕು. ಹಿಂದಿನ 31999 ಅಂದರೆ ಹನ್ನೊಂದು ಗುಣಿಸು 2909. ಮುಂದಿನ 32001 ಮೂರರಿಂದ ಹೋಗುತ್ತದೆ. ಎರಡು ಹೆಜ್ಜೆ ಆಚೆ 32003 ಮಾತ್ರ ಅವಿಭಾಜ್ಯ; 173ರವರೆಗಿನ ಅವಿಭಾಜ್ಯಗಳನ್ನೆಲ್ಲ ಒಂದೊಂದಾಗಿ ಬಿಟ್ಟು ನೋಡಿದರೂ ಬಗ್ಗಲಿಲ್ಲ. ಅದರ ವರ್ಗಮೂಲ 179ಕ್ಕಿಂತ ಕಡಿಮೆ, ಆದ್ದರಿಂದ ಅಷ್ಟಕ್ಕೇ ನಿಲ್ಲಿಸಬಹುದು. ನೊಳಂಬವಾಡಿ 32003 ಎಂದು ಯಾವ ಶಾಸನವೂ ಬರೆಯಲಿಲ್ಲ. ಬರೆದಿದ್ದರೆ ನಾನು ಕಣ್ಣು ಮುಚ್ಚಿ ನಂಬುತ್ತಿದ್ದೆ. ಅಂಥ ನಾಡಿನಲ್ಲಿ ಅಣ್ಣತಮ್ಮಂದಿರು ಸಮಪಾಲು ಕೇಳುವಂತಿಲ್ಲ. ಇಬ್ಬರಿದ್ದರೂ ಆಗದು, ಐವರಿದ್ದರೂ ಆಗದು. 32003 ಜನ ಅಣ್ಣತಮ್ಮಂದಿರಿದ್ದರೆ ಮಾತ್ರ ತಲೆಗೊಂದರಂತೆ ತಕರಾರಿಲ್ಲದೆ ಬಗೆಹರಿಯುತ್ತದೆ.

ದೊರೆಗಳು ಹೀಗೆ ಸೊನ್ನೆ ಹಚ್ಚಿಕೊಂಡು ಮೆರೆಯುತ್ತಿದ್ದ ಕಾಲದಲ್ಲೇ, ನೊಳಂಬರಿಗೆ ಒಡೆಯರಾಗಿದ್ದ ರಾಷ್ಟ್ರಕೂಟರ ಆಳ್ವಿಕೆಯಲ್ಲಿ, ಮಹಾವೀರಾಚಾರ್ಯ ಎಂಬ ಜೈನ ಪಂಡಿತ ಕೂತು ಬೇರೆ ಬಗೆಯ ಸೊನ್ನೆ ಮಾಡುತ್ತಿದ್ದ. ಅಮೋಘವರ್ಷ ನೃಪತುಂಗನ ಕಾಲ. ಗ್ರಂಥ 'ಗಣಿತಸಾರಸಂಗ್ರಹ', ಸುಮಾರು 850. ದೊಡ್ಡ ಸಂಖ್ಯೆಗೆ ಅವನೇನೂ ಹೆದರಿದವನಲ್ಲ. ಏಕ, ದಶ, ಶತದಿಂದ ಹಿಡಿದು ಅರ್ಬುದ, ಖರ್ವ, ಪದ್ಮ, ಕ್ಷೋಣಿ, ಶಂಖ, ಕ್ಷಿತಿ ಎಂದು ಹತ್ತುತ್ತ ಇಪ್ಪತ್ನಾಲ್ಕನೆಯ ಸ್ಥಾನಕ್ಕೆ ಮಹಾಕ್ಷೋಭ ಎಂದು ಹೆಸರಿಟ್ಟ. ಒಂದರ ಮುಂದೆ ಇಪ್ಪತ್ಮೂರು ಸೊನ್ನೆ. ರಟ್ಟಪಾಡಿಯ ಏಳೂವರೆ ಲಕ್ಷ ಅದರ ಮುಂದೆ ಚಟಾಕಿಗೂ ಬಾರದು. ಆದರೆ ಅವನ ಮನಸ್ಸು ಇದ್ದದ್ದು ದೊಡ್ಡತನದಲ್ಲಲ್ಲ. ಗುಣಾಕಾರದ ಲೆಕ್ಕಗಳಲ್ಲಿ ಅವನು ಕೊರಳ ಹಾರದಂಥ ಸಂಖ್ಯೆಗಳನ್ನು ಪೋಣಿಸುತ್ತಾನೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. 12345679ನ್ನು ಒಂಬತ್ತರಿಂದ ಗುಣಿಸಿದರೆ ಒಂಬತ್ತು ಒಂದುಗಳ ಸರ, 111111111. ಒಂದರಿಂದ ಆರರವರೆಗೆ ಏರಿ ಮತ್ತೆ ಒಂದಕ್ಕೆ ಇಳಿಯುವ 12345654321 ಕೂಡ ಅವನಲ್ಲಿದೆ. ಅದು ಆರು ಒಂದುಗಳ ಸಂಖ್ಯೆಯ ವರ್ಗ.

ನನಗೆ ಹೆಚ್ಚು ಇಷ್ಟವಾದದ್ದು 142857143 ಗುಣಿಸು 7. ಇದನ್ನು ಬಾಯಲ್ಲೇ ಮಾಡಬೇಕು, ಕ್ಯಾಲ್ಕುಲೇಟರ್ ಒತ್ತಿದರೆ ಸ್ವಾರಸ್ಯ ಹೋಗುತ್ತದೆ. ಬಲಗಡೆಯಿಂದ ಹೊರಡಿ. ಏಳು ಮೂರಲೆ ಇಪ್ಪತ್ತೊಂದು, ಒಂದು ಬರೆದು ಎರಡು ದಶಕ. ಏಳು ನಾಲ್ಕಲೆ ಇಪ್ಪತ್ತೆಂಟು, ಎರಡು ಸೇರಿ ಮೂವತ್ತು. ಸೊನ್ನೆ, ದಶಕ ಮೂರು. ಏಳೊಂದಲೆ ಏಳು, ಮೂರು ಸೇರಿ ಹತ್ತು. ಸೊನ್ನೆ, ದಶಕ ಒಂದು. ಏಳೇಳಲೆ ನಲವತ್ತೊಂಬತ್ತು, ಒಂದು ಸೇರಿ ಐವತ್ತು, ಮತ್ತೆ ಸೊನ್ನೆ. ಏಳೈದಲೆ ಮೂವತ್ತೈದು, ಐದು ಸೇರಿ ನಲವತ್ತು. ಏಳೆಂಟಲೆ ಐವತ್ತಾರು, ನಾಲ್ಕು ಸೇರಿ ಅರವತ್ತು. ಏಳೆರಡಲೆ ಹದಿನಾಲ್ಕು, ಆರು ಸೇರಿ ಇಪ್ಪತ್ತು. ಪ್ರತಿ ಮನೆಯಲ್ಲೂ ಹಿಂದಿನಿಂದ ಬಂದ ದಶಕ ಸರಿಯಾಗಿ ಹತ್ತರ ಕಟ್ಟೆಗೆ ತಂದು ನಿಲ್ಲಿಸುತ್ತದೆ, ಒಂದೊಂದು ಸೊನ್ನೆ ಬೀಳುತ್ತದೆ. ಕೊನೆಗೆ 1000000001: ಎರಡು ತುದಿಗೆ ಎರಡು ಒಂದು, ನಡುವೆ ಎಂಟು ಸೊನ್ನೆ. ಆ ಎಂಟೂ ದುಡಿದು ಬಂದವು. ಒಂದು ದಶಕ ತಪ್ಪಿದರೂ ಹಾರ ಹರಿಯುತ್ತದೆ. 32000ದ ಮೂರು ಸೊನ್ನೆಗಳು ಅರಮನೆಯಲ್ಲಿ ಹುಟ್ಟಿದವು, ಏನೂ ಮಾಡಿಲ್ಲ.

ಹಾಗಾದರೆ ಸುಮ್ಮನೆ ಹೇಳಿದ ದೊಡ್ಡ ಸಂಖ್ಯೆಯೆಲ್ಲ ಟೊಳ್ಳೇ? ಹೌದು ಎಂದು ಬರೆದು ಮುಗಿಸಬಹುದಿತ್ತು, ಹಡಗಲಿ ತಾಲೂಕಿನ ಮೈಲಾರ ಅಡ್ಡ ಬಂತು. ಭರತ ಹುಣ್ಣಿಮೆಗೆ ಉಚ್ಚಂಗೆಮ್ಮನ ಗುಡ್ಡದಲ್ಲಿ ಜನ ನೆರೆದು 'ಉಧೋ ಉಧೋ' ಎನ್ನುತ್ತಾರೆ. ಆ ಕೂಗಿನಲ್ಲಿ ಲೆಕ್ಕವಿಲ್ಲ. ಅದೇ ಹುಣ್ಣಿಮೆಯ ಆಸುಪಾಸಿನಲ್ಲಿ ಮೈಲಾರದ ಜಾತ್ರೆ, ಡೆಂಕನಮರಡಿಯಲ್ಲಿ ಬಿಲ್ಲು ಹತ್ತಿದ ಗೊರವಯ್ಯನ ಕಾರಣಿಕ. ಅಲ್ಲಿ ಜನ ಕೂಗುವುದೇ ಒಂದು ಸಂಖ್ಯೆಯನ್ನು: ಏಳುಕೋಟಿ. ಮಣಿಕಾಸುರ, ಮಲ್ಲಾಸುರರನ್ನು ಕೊಲ್ಲಲು ಮೈಲಾರಲಿಂಗ ಏಳು ಕೋಟಿ ಗಣಗಳ ಜೊತೆ ಬಂದನೆಂಬುದು ಕತೆ. ಲಕ್ಷಾಂತರ ಗಂಟಲು ಒಟ್ಟಿಗೆ ಸೇರಿ ಒಂದು ಪೂರ್ಣಾಂಕವನ್ನು ಕೂಗುವ ಜಾಗ ನನಗೆ ತಿಳಿದಂತೆ ಇದೊಂದೇ.

ಏಳು ಕೋಟಿಯನ್ನು ಅಂಕಿಯಲ್ಲಿ ಬರೆಯಿರಿ: 7,00,00,000. ಏಳು, ಅದರ ಮುಂದೆ ಏಳು ಸೊನ್ನೆ. ಒಡೆಯಿರಿ: ಎರಡು ಏಳು ಸಲ, ಐದು ಏಳು ಸಲ, ಕೊನೆಗೆ ಏಳೇ ಒಂದು ಸಲ. ಇದನ್ನು ಪೂರ್ತಿ ಭಾಗಿಸುವ ಸಂಖ್ಯೆಗಳು ಎಷ್ಟು? ಎರಡುಗಳನ್ನು ಸೊನ್ನೆಯಿಂದ ಏಳರವರೆಗೆ ಎಂಟು ಬಗೆಯಲ್ಲಿ ಆರಿಸಬಹುದು, ಐದುಗಳನ್ನೂ ಎಂಟು ಬಗೆಯಲ್ಲಿ, ಏಳನ್ನು ಇಟ್ಟುಕೊಳ್ಳಬಹುದು ಇಲ್ಲವೇ ಬಿಡಬಹುದು, ಎರಡು ಬಗೆ. ಎಂಟೆಂಟಲೆ ಅರವತ್ನಾಲ್ಕು, ಅದರ ಎರಡರಷ್ಟು 128. ನೂರಿಪ್ಪತ್ತೆಂಟು ಎಂದರೆ ಎರಡನ್ನು ಏಳು ಸಲ ಗುಣಿಸಿದ್ದು! ಎಲ್ಲಿ ಮುಟ್ಟಿದರೂ ಏಳು. ಎರಡು ಚೌಕದಲ್ಲಿ ಕೂರಿಸಲು ಹೋದರೆ ಮಾತ್ರ ಆಗದು. ಏಳು ಒಳಗೆ ಒಂದೇ ಸಲ ಇರುವುದರಿಂದ ದಾರಿ ಅಡ್ಡಗಟ್ಟುತ್ತದೆ. ಯುದ್ಧಕ್ಕೆ ಬಂದ ಗಣಗಳು ಸಾಲಾಗಿ ಕೂರುವುದೂ ಇಲ್ಲ ಬಿಡಿ. ಇದನ್ನು ಯಾರೂ ಎಣಿಸಲಿಲ್ಲ, ಯಾರೂ ಯೋಚಿಸಿ ಕಟ್ಟಲಿಲ್ಲ. ಬಾಯಿಗೆ ಬಂದದ್ದನ್ನು ಕೂಗಿದರು, ಸಂಖ್ಯೆ ತಾನೇ ತಾನಾಗಿ ಸಿಂಗರಿಸಿಕೊಂಡಿತು.

ಈ ಸಂಗತಿ ನನ್ನೊಳಗೇ ಇದ್ದರೆ ನಿದ್ದೆ ಬಾರದು. ಹರಪನಹಳ್ಳಿ ಬಸ್ ನಿಲ್ದಾಣದಲ್ಲಿ ಮೈಲಾರದ ಬಸ್ಸಿಗೆ ಕಾಯುತ್ತಿದ್ದ ಒಬ್ಬ ಮುದುಕ ಗೊರವಯ್ಯ ಸಿಕ್ಕ. ಕರಿಯ ಕಂಬಳಿಯ ನಿಲುವಂಗಿ, ಹೆಗಲಲ್ಲಿ ಬಂಡಾರದ ಚೀಲ, ಪಕ್ಕದಲ್ಲಿ ಭಿಕ್ಷೆಯ ಮರದ ದೋಣಿ, ಡಮರುಗವನ್ನು ತಲೆದಿಂಬು ಮಾಡಿಕೊಂಡು ಒರಗಿದ್ದ. ಕೂತು, ಕಾಗದದ ಮೇಲೆ ಬರೆದು ತೋರಿಸಿ, ಎಲ್ಲ ಹೇಳಿದೆ. ಸುಮ್ಮನೆ ಕೇಳಿದ.

"ಅಂದ್ರ, ಏಳುಕೋಟಿನ ಒಂದೂ ಉಳೀದಂಗ ಸಮಾ ಹಂಚಾಕ ನೂರಾ ಇಪ್ಪತ್ತೆಂಟು ದಾರಿ ಅದಾವು ಅಂತೀಯಾ?"

"ಹೌದು ಅಜ್ಜಾ."

ಅವನು ಎದ್ದು ಕೂತು, ನನ್ನ ಹಣೆಗೆ ಬಂಡಾರ ಹಚ್ಚಿ, ದೋಣಿಯನ್ನು ನನ್ನ ಕಡೆಗೆ ತಳ್ಳಿದ.

"ಆತು. ಹಂಚಾಕ ಇಲ್ಲಿಂದ ಸುರು ಮಾಡು."